ಟೂ ಫಾರ್ಟಿ ತ್ರೀ ಎಂಬ ಅವಮಾನ

ಗಂಡಸಿನ ಘನತೆ ಅವನು ಹಿಡಿದ ಆಯುಧದಿಂದ ಗೊತ್ತಾಗುತ್ತದೆ. ಸಿಂಗಪುರಕ್ಕೆ ಬಂದ ಮೇಲೆ ನಾನು ಹಿಡಿದಿರುವ ಅತಿ ಭಯಂಕರ ಆಯುಧವೆಂದರೆ ಸೊಳ್ಳೆ ಬ್ಯಾಟು.

ಹಾಗೆಂದು ಯಾರೂ ನನ್ನನ್ನು ಹಗುರವಾಗಿ ಕಾಣಕೂಡದು. ನಾನು ಕೊಡಗಿನವನು. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ಗುಂಡು ಹಾರಿಸುತ್ತಾರೆ. ನಾನು ಹುಟ್ಟಿದಾಗಲೂ ತಾತ ಹಾರಿಸಿದ್ದರಂತೆ. ಇಂಥ ನನಗೆ ಕೋವಿಯ ವಿಷಯದಲ್ಲಿ ಬುದ್ಧಿ ಹೇಳಲು ಹೊರಟವನು ಸುರೇಶ. ಆಂಗ್ ಮೋ ಕಿಯೋದ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನವನು, ರಾಜಾಜಿನಗರದಲ್ಲಿ ಬೆಳೆದವನು, ಜಿಂಕೆಯನ್ನು ಮೃಗಾಲಯದಲ್ಲಿ ಬಿಟ್ಟರೆ ಬಿಸ್ಕತ್ತಿನ ಪೊಟ್ಟಣದ ಮೇಲೆ ಕಂಡವನು!

ಇಬ್ಬರೂ ರಜೆಯಲ್ಲಿ ನ್ಯೂಜಿಲೆಂಡಿಗೆ ಜಿಂಕೆ ಬೇಟೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಕೋವಿಯ ಮಾತು ಬಂದರೆ ದನಿ ತಗ್ಗಿಸಬೇಕಾದ ಊರು ಈ ಸಿಂಗಪುರ. ಆದ್ದರಿಂದ ರೈಫಲ್ಲನ್ನು ಅಲ್ಲಿನ ಗೈಡೇ ಕೊಡುವವನು. ಅವನು ಕೇಳಿದ್ದು ಒಂದೇ ಪ್ರಶ್ನೆ: ಸಣ್ಣ ಗುಂಡಿನ ಟೂ ಫಾರ್ಟಿ ತ್ರೀ ಬೇಕೋ, ಅದಕ್ಕಿಂತ ದಪ್ಪ ಗುಂಡಿನ ತ್ರೀ ನಾಟ್ ಎಯ್ಟ್ ಬೇಕೋ? ಈ ಪ್ರಶ್ನೆ ನಾನಿರುವ ಹೌಗಾಂಗಿನಲ್ಲಿ, ನಮ್ಮ ಬ್ಲಾಕಿನ ಪಕ್ಕದ ಹಾಕರ್ ಸೆಂಟರೆಂಬ ತಿಂಡಿ ಅಂಗಡಿಗಳ ಸಾಲಿನಲ್ಲಿ, ಚಹಾದ ಮುಂದೆ ಇತ್ಯರ್ಥಕ್ಕೆ ಬಂತು.

"ಇಬ್ರಿಗೂ ಟೂ ಫಾರ್ಟಿ ತ್ರೀ ಬುಕ್ ಮಾಡ್ಬಿಡೋಣ ಸರ್. ಕಿಕ್ ಕಮ್ಮಿ, ಭುಜಕ್ಕೆ ಆರಾಮ. ಸರಿಯಾದ ಜಾಗಕ್ಕೆ ಬಿದ್ರೆ ಜಿಂಕೆಗೆ ಅಷ್ಟೇ ಸಾಕು," ಎಂದ ಸುರೇಶ.

"ಆರಾಮ ಬೇಕಿದ್ರೆ ಮಸಾಜ್ ಚೇರಲ್ಲಿ ಕೂತ್ಕೋ ಹೋಗು."

"ನೀವು ಯಾವತ್ತಾದ್ರೂ ರೈಫಲ್ ಹೊಡ್ದಿದೀರಾ?"

"ನಾನು ಹುಟ್ಟಿದಾಗ್ಲೇ ಗುಂಡು ಹಾರಿದೆ ಕಣಯ್ಯಾ!"

"ಹಾರಿಸಿದ್ದು ನಿಮ್ ತಾತ ಅಲ್ವಾ ಸರ್? ನೀವು ಬರೀ ಅತ್ತಿರ್ತೀರ."

ಇದು ವಾದವೇ? ವಂಶಕ್ಕೆ ವಂಶವನ್ನೇ ಒಂದು ತೊಟ್ಟಿಲಿಗೆ ಇಳಿಸಿಬಿಟ್ಟನಲ್ಲ! ಕೊಡಗಿನವನೊಬ್ಬ ಸಣ್ಣ ಗುಂಡು ಕೇಳುವುದೆಂದರೆ ಕೋಳಿಸಾರಿನ ಮುಂದೆ ಕೂತು ಖಾರ ಬೇಡ ಎಂದ ಹಾಗೆ. ಕೇಳಿದವರು ಏನಂದುಕೊಂಡಾರು? ಮನೆಗೆ ಬಂದು ಈ ಅನ್ಯಾಯವನ್ನು ಹೆಂಡತಿ ದೇವಕಿಯ ಮುಂದಿಟ್ಟೆ. ಅವಳು ಮೈಸೂರಿನವಳು, ನನ್ನ ಪರವಾಗಿ ಮಾತಾಡುವ ಅಭ್ಯಾಸವಿಲ್ಲ.

"ಪಕ್ಕದ್ಮನೆ ಕುಕ್ಕರ್ ಕೂಗಿದ್ರೆ ಬೆಚ್ಚಿಬೀಳ್ತೀರಲ್ರೀ. ನಿಮಗ್ಯಾಕೆ ಅಷ್ಟು ದೊಡ್ಡದು? ಸುರೇಶ್ ಹೇಳೋದು ಕೇಳಿ," ಎಂದಳು.

ಆಗಲೇ ಫೋನು ತೆಗೆದು, ನನಗೆ ತ್ರೀ ನಾಟ್ ಎಯ್ಟೇ ಬೇಕೆಂದು ಗೈಡಿಗೆ ತಿಳಿಸಿದೆ. ಸುರೇಶ ತನ್ನ ಸಣ್ಣದಕ್ಕೇ ಅಂಟಿಕೊಂಡ. ಅವನ ಬಗ್ಗೆ ನನಗೆ ನಿಜವಾಗಿಯೂ ಮರುಕವಾಯಿತು.

ನ್ಯೂಜಿಲೆಂಡಿಗೆ ಹೋಗಿ ಇಳಿದೆವು. ಬೇಟೆಗೆ ಮುನ್ನ ಗುರಿಹಲಗೆಗೆ ಹೊಡೆದು ತೋರಿಸಬೇಕೆಂಬುದು ಆ ಗೈಡಿನ ನಿಯಮ. ಗುರಿ ನಿಲ್ಲದವನ ಕೈಗೆ ಅವನು ಕಾಡಿನಲ್ಲಿ ರೈಫಲ್ ಕೊಡುವುದಿಲ್ಲ. ಜಿಂಕೆಯನ್ನು ಅರ್ಧ ಗಾಯ ಮಾಡಿ ಅಲೆಸುವುದು ಪಾಪ ಎನ್ನುತ್ತಾನೆ. ತಕರಾರಿಲ್ಲ. ನಾನು ಮಲಗಿ, ರೈಫಲ್ಲಿನ ಮೇಲಿನ ದುರ್ಬೀನಿಗೆ ಕಣ್ಣನ್ನು ಭಕ್ತಿಯಿಂದ, ತೀರಾ ಹತ್ತಿರಕ್ಕೇ ಒತ್ತಿ ಕೋವಿಯ ಕುದುರೆ ಎಳೆದೆ. ರೈಫಲ್ ಹಿಂದಕ್ಕೆ ಒದೆಯಿತು. ದುರ್ಬೀನಿನ ಅಂಚು ಹುಬ್ಬನ್ನು ಅರ್ಧಚಂದ್ರಾಕಾರವಾಗಿ ಸೀಳಿತು. ಕಣ್ಣನ್ನು ದೂರ ಇಡಬೇಕೆಂದು ಮೊದಲೇ ಹೇಳಿದ್ದೆನೆಂದು ಗೈಡಿನ ವಾದ. ಹೇಳಿರಬಹುದು, ನನ್ನಂಥವನಿಗೆ ಹೇಳುವ ಮಾತೇ ಅದು? ಅಲ್ಲಿಂದ ಮುಂದೆ ಪ್ರತಿ ಸಲವೂ ಗುಂಡು ಹಾರುವ ಮೊದಲೇ ನನ್ನ ಕಣ್ಣು ಮುಚ್ಚುತ್ತಿತ್ತು. ಹಲಗೆಗೆ ಏನೂ ಆಗಲಿಲ್ಲ. ಹಿಂದಿನ ಮಣ್ಣಿನ ದಿಬ್ಬಕ್ಕೆ ಸಾಕಷ್ಟು ಆಯಿತು. ಕೊನೆಗೆ ಗೈಡ್ ಸುರೇಶನ ಸಣ್ಣ ರೈಫಲ್ಲನ್ನೇ ನನ್ನ ಕೈಗಿಟ್ಟ. ಅಷ್ಟು ಹೊತ್ತಿಗೆ ಕಣ್ಣುಗಳಿಗೆ ದೊಡ್ಡದು ಸಣ್ಣದು ಎಂಬ ಭೇದ ಉಳಿದಿರಲಿಲ್ಲ, ಅದಕ್ಕೂ ಮುಚ್ಚಿಕೊಂಡವು.

"ಪರವಾಗಿಲ್ಲ ಬಿಡಿ ಸರ್, ನೀವು ಜೊತೇಲಿರಿ, ಧೈರ್ಯಕ್ಕೆ," ಎಂದ ಸುರೇಶ. ಅವನು ಬೈದಿದ್ದರೆ ಸಹಿಸುತ್ತಿದ್ದೆ.

ಮರುದಿನ ಬೆಳಿಗ್ಗೆ ಸುರೇಶ ಟೂ ಫಾರ್ಟಿ ತ್ರೀಯಲ್ಲಿ ಒಂದೇ ಗುಂಡಿಗೆ ಜಿಂಕೆ ಹೊಡೆದ. ಫೋಟೊ ತೆಗೆದವನು ನಾನು.