ಸೂಟ್‌ಕೇಸಿನ ಅರ್ಧ ಪ್ರದಕ್ಷಿಣೆ

೨೦೨೪ರ ಫೆಬ್ರುವರಿ ೧೮, ಭಾನುವಾರ. ಮಾಘ ಶುದ್ಧ ನವಮಿ. ಶಿಶಿರದ ಮಂಜು ಒಂಬತ್ತೂಕಾಲಿಗೆ ಕರಗಿ, ಆಲ್ದೂರಿನಲ್ಲಿ ಚುರುಕು ಬಿಸಿಲು ಬಿದ್ದಿತ್ತು. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ನಿವೃತ್ತರಾದ ಪರಮೇಶ್ವರಪ್ಪನವರು ಸೂಟ್‌ಕೇಸನ್ನು ಅಂಗಳದಲ್ಲಿ ಅಂಗಾತ ಮಲಗಿಸಿ, ಸವೆದ ಎರಡು ಚಕ್ರಗಳ ನಾಡಿ ಹಿಡಿದು ಕೂತಿದ್ದರು.

ಮರುದಿನ ಬೆಳಿಗ್ಗೆ ಆರೂವರೆಗೆ ಪತ್ನಿ ವಿಮಲಮ್ಮನವರು ಮಹಿಳಾ ಸಂಘದ ಬಸ್ಸಿನಲ್ಲಿ ಶ್ರೀಶೈಲಕ್ಕೆ ಹೊರಡಬೇಕು. ಏಳು ವರ್ಷ ಮುಂದೂಡಿದ ಯಾತ್ರೆ! ಮುರಿದು ಕೂಡಿದ ಕೈಯಲ್ಲಿ ಅವರು ಪೆಟ್ಟಿಗೆ ಎತ್ತುವಂತಿರಲಿಲ್ಲ, ಅದು ಉರುಳಲೇಬೇಕಿತ್ತು.

"ರೀ, ನಾಗೇಶನ ಅಂಗಡಿಗೆ ಕೊಟ್ಬಿಡಿ. ಬ್ಯಾಗ್ ರಿಪೇರಿನೇ ಅವನ ಕಸುಬು."

"ಮೂವತ್ತೆಂಟು ವರ್ಷ ಕಾಫಿಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್ ತಿರುಗಿಸಿದವನಿಗೆ ಎರಡು ಚಕ್ರ ತಿರುಗಿಸಕ್ಕೆ ನಾಗೇಶ ಬೇಕಾ, ಮಾರಾಯ್ತಿ?"

"ಪಲ್ಪರ್ ತಿರುಗಿಸಿದ್ದು ತೋಟದ ಆಳು ಮಾರಯ್ಯ. ಎಷ್ಟು ಹೊತ್ತು ತಿರುಗ್ತು ಅಂತ ಬರ್ಕೊಂಡಿದ್ದು ನೀವು!"

ಈ ಮಾತನ್ನು ಕೇಳಿಸಿಕೊಳ್ಳದ ಪರಮೇಶ್ವರಪ್ಪನವರು, ತಮ್ಮ ಏಕೈಕ ಜೊತೆ ಹವಾಯಿ ಚಪ್ಪಲಿಯನ್ನು ಮಹಾತ್ಯಾಗ ಮಾಡಿದರು. ಕೈವಾರದಿಂದ ವೃತ್ತ ಗುರುತಿಸಿ ಹಿಮ್ಮಡಿಯ ಭಾಗವನ್ನು ಕೊರೆದರು. ಎಡ ಚಪ್ಪಲಿ ಎಡ ಚಕ್ರಕ್ಕೆ, ಬಲ ಚಪ್ಪಲಿ ಬಲ ಚಕ್ರಕ್ಕೆ. ಶಿಸ್ತೆಂದರೆ ಶಿಸ್ತು!

ಹನ್ನೊಂದೂ ಐವತ್ತಕ್ಕೆ ಪರೀಕ್ಷಾರ್ಥ ಪ್ರಯಾಣ. ಪೆಟ್ಟಿಗೆ ಮೂರು ಹೆಜ್ಜೆ ನೆಟ್ಟಗೆ ಬಂದು, ಬಲಕ್ಕೆ ವಾಲಿ, ಅಂಗಳದ ನಡುವಿನ ಬಿಲ್ವದ ಗಿಡವನ್ನು ಸುತ್ತತೊಡಗಿತು. ಎಳೆಯುವವರು ಯಾರು, ಎಳೆಸಿಕೊಳ್ಳುವವರು ಯಾರು ಎಂಬುದೇ ತಿಳಿಯದಾಯಿತು!

"ನಾನು ಶ್ರೀಶೈಲ ಮುಟ್ಟೋ ಮೊದ್ಲೇ ಇದು ಪ್ರದಕ್ಷಿಣೆ ಹೊರಟಿತಲ್ರೀ!" ವಿಮಲಮ್ಮನವರು ಬಗ್ಗಿ ನೋಡಿದರು. "ನಲವತ್ತೊಂದು ವರ್ಷದಿಂದ ನೋಡ್ತಿದೀನಿ, ನೀವು ಬಲಕ್ಕೇ ವಾಲಿ ನಡೆಯೋದು. ಬಲ ಚಪ್ಪಲಿ ಸವೆದು ಹಪ್ಪಳ ಆಗಿದೆ, ಭಾರಕ್ಕೆ ಬಾಗ್ತಿದೆ. ಈಗ ಪೆಟ್ಟಿಗೆಗೂ ನಿಮ್ಮ ನಡಿಗೆನೇ ಬಂತು!"

"ಸುಳ್ಳು! ನಾನು ನೆಟ್ಟಗೆ ನಡೆಯೋನು!" ಎಂದು ಪರಮೇಶ್ವರಪ್ಪನವರು ಹಟದಿಂದ ಜಗ್ಗಿದರು. ಟಪ್! ಅರ್ಧ ಸುತ್ತಿಗೆ ಸರಿಯಾಗಿ ಬಲ ಚಕ್ರ ಅಚ್ಚುಸಮೇತ ಕಿತ್ತುಬಂದು ಚರಂಡಿಗೆ ಹಾರಿತು.

"ಪೆಟ್ಟಿಗೆಗೆ ಶಾಸ್ತ್ರ ಗೊತ್ತು ಕಣ್ರೀ. ಶಿವನಿಗೆ ಪೂರ್ತಿ ಸುತ್ತಬಾರದು, ಅರ್ಧಕ್ಕೇ ನಿಲ್ಲಬೇಕು."

ನಾಗೇಶನ ಅಂಗಡಿಗೆ ಓಡಿದರೆ, ಭಾನುವಾರವೆಂದು ಹನ್ನೆರಡಕ್ಕೇ ಬಾಗಿಲು ಹಾಕಿತ್ತು.

ಸೋಮವಾರ ಬೆಳಿಗ್ಗೆ ಪರಮೇಶ್ವರಪ್ಪನವರು ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು, ಬರಿಗಾಲಲ್ಲಿ ಬಸ್ ಸ್ಟ್ಯಾಂಡ್ ತಲುಪಿದರು. ಸಂಘದ ಅಧ್ಯಕ್ಷೆ ಅಂಜನಮ್ಮ ಭಕ್ತಿಯಿಂದ ಅವರ ಕಾಲಿಗೆರಗಿದರು. "ಶ್ರೀಶೈಲದ ಮಲ್ಲಯ್ಯನಿಗೆ ಬರಿಗಾಲ ಹರಕೆಯಾ, ರೈಟರ್ ಸಾರ್?"

ಅವರು ಬಾಯಿ ತೆರೆಯುವ ಮೊದಲೇ ವಿಮಲಮ್ಮನವರು ಹೇಳಿದರು: "ಹೌದು ಅಂಜನಮ್ಮ. ಇನ್ನು ಮೇಲೆ ಮನೇಲಿ ಏನೂ ರಿಪೇರಿ ಮಾಡಲ್ಲ ಅಂತ ಹರಕೆ!"

ಯಾತ್ರೆಯುದ್ದಕ್ಕೂ ಪೆಟ್ಟಿಗೆಯನ್ನು ಅಂಜನಮ್ಮನೇ ಎತ್ತಿಳಿಸಿದರು. ಫೆಬ್ರುವರಿ ೨೩, ಶುಕ್ರವಾರ ಸಂಜೆ ಐದೂ ಹತ್ತಕ್ಕೆ ವಿಮಲಮ್ಮನವರು ಮರಳಿದರು. ೨೪ರಂದು ನಾಗೇಶ ಹತ್ತು ನಿಮಿಷದಲ್ಲಿ ಹೊಸ ಚಕ್ರಗಳನ್ನು ಹಾಕಿದ. ಪರಮೇಶ್ವರಪ್ಪನವರಿಗೆಂದು ಪ್ರಸಾದದ ಜೊತೆಗೆ ಬಂದಿದ್ದ ಹೊಸ ಚಪ್ಪಲಿಯ ಬಲ ಹಿಮ್ಮಡಿ, ಮಾರ್ಚ್ ೩೧ರ ವೇಳೆಗೆ ಎಡದ್ದಕ್ಕಿಂತ ತೆಳುವಾಗಿತ್ತು.