ರಕ್ತದ ಸಕ್ಕರೆ ಅಳೆಯುವ ಯಂತ್ರರಾಯರ ಸನ್ನಿಧಾನಕ್ಕೆ

ಸಿಂಧಘಟ್ಟ
೧೨-೨-೧೯೯೭

ಮಾನ್ಯ ಯಂತ್ರರಾಯರೇ,

ಸಿಂಧಘಟ್ಟದ ಮಂಚಯ್ಯ ತಮ್ಮ ಪುಟ್ಟ ಗಾಜಿನ ಮುಖಕ್ಕೆ ಮಾಡುವ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ, ಕಬ್ಬು ಆಳೆತ್ತರ ಬಂದಿದೆ. ತಾವೂ ಹೊಸ ಬ್ಯಾಟರಿ ನುಂಗಿ ಸುಖವಾಗಿದ್ದೀರೆಂದು ನಂಬಿದ್ದೇನೆ. ನಾನು ಇಷ್ಟುದ್ದ ಬರೆಯುವುದು ನೆಂಟರಿಗೆ ಮಾತ್ರ. ಮೈಸೂರಿನ ಲ್ಯಾಬಿನಲ್ಲಿರುವ ನನ್ನ ತಮ್ಮನ ಮಗ ಲೋಕೇಶ ತಮ್ಮನ್ನು ತಂದು ಮನೆಯೊಳಗೆ ಬಿಟ್ಟ ಮೇಲೆ ತಾವೂ ನೆಂಟರೇ ಆದಿರಿ.

ಲೋಕೇಶ ಹೇಳುವ ಪ್ರಕಾರ ತಮ್ಮ ಬಾಯಿಗೆ ಸಿಕ್ಕಿಸುವ ಪಟ್ಟಿಯ ಕಪ್ಪು ಗೆರೆ ಪೆನ್ಸಿಲ್ ಕಡ್ಡಿಯ ಜಾತಿಯ ಇಂಗಾಲವಂತೆ, ಒಂದು ಹನಿ ರಕ್ತ ಸೋಕಿದರೆ ಸಕ್ಕರೆಯ ಗುಟ್ಟು ಅದರಲ್ಲಿ ಹರಿದು ಅಂಕಿಯಾಗುವುದಂತೆ. ಸಂತೋಷ. ನಲವತ್ತು ವರ್ಷದಿಂದ ನಮ್ಮ ಆಲೆಮನೆಯಲ್ಲಿ ಕುದಿಯುವ ಪಾಕವನ್ನು ನೀರಿಗೆ ಬಿಟ್ಟು, ಎರಡು ಬೆರಳಲ್ಲಿ ಹೊಸಕಿ, ಕೊಪ್ಪರಿಗೆ ಇಳಿಸುವ ಹೊತ್ತು ಹೇಳುತ್ತ ಬಂದ ನಾನೂ ಬ್ಯಾಟರಿ ಇಲ್ಲದ ಅದೇ ಕಸುಬಿನವನು. ಅಂಥವನು ಆಲೆಮನೆಯಿಂದ ಬಂದು ಹಾಗೇ ಕೂತು ಬೆರಳು ಕೊಟ್ಟರೆ ತಾವು ಕಿಂಚಿತ್ತೂ ಸಂಕೋಚವಿಲ್ಲದೆ ಮುನ್ನೂರ ಎಂಬತ್ತು ಎಂದಿರಿ! ನನ್ನ ಹೆಂಡತಿ ಬೆಟ್ಟಮ್ಮ, "ಇನ್ನು ಆಲೆಮನೆ ಕಡೆ ತಲೆ ಆಕಿದ್ರೆ ನೋಡಿ, ಸಕ್ರೆ ಮೂಟೆ ಆಗ್ಬುಟ್ಟವ್ರೆ!" ಎಂದು ಬಾಗಿಲಿಗಡ್ಡ ಕೂತಳು. ಒಂಬತ್ತನೇ ದಿನ ನನ್ನ ತಮ್ಮ ಹೊನ್ನಪ್ಪ, ಅಚ್ಚಿನಿಂದ ತೆಗೆದರೆ ಎಮ್ಮೆ ಸಗಣಿಯಂತೆ ಕುಸಿಯುವ ಬೆಲ್ಲ ಹಿಡಿದು, "ನಿಲ್ತಾನೇ ಇಲ್ಲ ಕಣಣ್ಣ, ಬಂದ್ಬುಡು" ಎಂದು ಅಂಗಲಾಚಿದ.

ಸದ್ಯ, ಲೋಕೇಶ ಬಂದು, "ದೊಡ್ಡಪ್ಪ, ಚುಚ್ಚಿಸ್ಕಳೋಕ್ ಮುಂಚೆ ಕೈ ತೊಳಕಂಡಿದ್ರಾ?" ಎಂದ. ತೊಳೆದು ಕೊಟ್ಟೆ. ನೂರ ಹದಿನೆಂಟು! ಬೆರಳಿಗಂಟಿದ ಬೆಲ್ಲವನ್ನೇ ನನ್ನ ರಕ್ತವೆಂದು ಸಾರಿದ ತಮ್ಮ ಪ್ರತಿಭೆಗೆ ಸನ್ಮಾನ ಮಾಡಬೇಕು. ಲೋಕೇಶ ಹೇಳಿದ, ಆ ಪೆನ್ಸಿಲ್ ಕಡ್ಡಿಯ ಇಂಗಾಲ ಈರುಳ್ಳಿಯಂತೆ ಪದರ ಪದರವಂತೆ, ಒಂದೇ ಒಂದು ಪದರ ಬಿಡಿಸುವುದು ಇನ್ನೂ ಯಾರ ಕೈಲೂ ಆಗಿಲ್ಲವಂತೆ, ಬಿಡಿಸಿದ್ದೇ ಆದರೆ ಎಳ್ಳಿನ ಸಾವಿರದಲ್ಲೊಂದು ಪಾಲನ್ನೂ ಅದು ಪತ್ತೆ ಮಾಡೀತಂತೆ. ದಯಮಾಡಿ ತಾವು ಬೇಗ ಆ ಒಂದು ಪದರಕ್ಕೆ ಇಳಿದು, ಸೂಜಿ ಇಲ್ಲದೆ ರಕ್ತವನ್ನೂ, ಹತ್ತಿರ ಹೋಗದೆ ಹೆಂಡತಿಯ ಸಿಟ್ಟನ್ನೂ ಅಳೆಯುವಂತಾಗಬೇಕೆಂದು ಕೋರುತ್ತೇನೆ.

ಪತ್ರ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಉಳಿದಿದ್ದ ಒಂದು ಪಟ್ಟಿಗೆ ಲೋಕೇಶ ಬೆಟ್ಟಮ್ಮನ ಬೆರಳನ್ನು ಹಿಡಿಸಿದ. ಈಗಷ್ಟೇ ಪಾತ್ರೆ ಬೆಳಗಿ, ಕೈ ತೊಳೆದು ಒರೆಸಿಕೊಂಡು ಬಂದ ಬೆರಳು. ಮುನ್ನೂರ ಎರಡು ಎಂದಿರಿ. "ಈ ಮಿಷನ್ನು ಬರೀ ಸುಳ್ ಯೋಳ್ತದೆ, ಅತ್ತಗೆ ಎತ್ತಾಕ್ಲಾ ಲೋಕೇಸ" ಎಂದು ಅವಳು ನಕ್ಕಳು. ಅವಳ ಕಾಲಿನ ಗಾಯ ಮೂರು ತಿಂಗಳಾದರೂ ಮಾಯ್ದಿಲ್ಲ. ನಾನೂ ಲೋಕೇಶನೂ ನಗಲಿಲ್ಲ.

ಬೆರಳೊಪ್ಪಿಸಿ ಕೆಟ್ಟರೂ ತಮ್ಮ ವಿಶ್ವಾಸಿಯಾಗಿಯೇ ಉಳಿದ,
ಮಂಚಯ್ಯ

ಮರೆತ ಮಾತು: ನಾಳೆ ಮೊದಲ ಬಸ್ಸಿಗೆ ಅವಳನ್ನು ಕೆ.ಆರ್. ಪೇಟೆ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇನೆ. ತಾವು ಸುಳ್ಳರೆಂದು ಡಾಕ್ಟರು ಬರೆದುಕೊಟ್ಟರೆ ಆ ಚೀಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇನೆ. ನನ್ನ ವಿಷಯದಲ್ಲಿ ಯಾರೂ ಕೇಳದೆಯೇ ತಪ್ಪು ಹೇಳಿದಿರಿ. ಈಗ ಕೈಮುಗಿದು ಕೇಳುತ್ತಿದ್ದೇನೆ, ಅವಳ ವಿಷಯದಲ್ಲೂ ಒಂದು ಸಲ ತಪ್ಪು ಹೇಳಿರಿ.