ಬ್ರೇಕು ಕಿತ್ತುಕೊಂಡ ಬೀಗಕ್ಕೆ ಒಂದು ಬಿನ್ನಹ

ಮಾನ್ಯ ಬೀಗದವರೇ,

ನಾನೇ ಮೂರು ತಿಂಗಳು ಕೂತು ಪ್ರೋಗ್ರಾಮಾಗಿ ಬರೆದು, ನಮ್ಮ ಕಂಪನಿಯ ಬಸ್ಸು ಓಡಿಸುವ ಕಂಪ್ಯೂಟರ್ ಆಟದೊಳಗೆ ನಕಲು ಮಾಡುವವರ ವಿರುದ್ಧ ಕಾವಲಿಗಿಟ್ಟ ತಮಗೆ, ತಮ್ಮ ಜನ್ಮದಾತನ ಅನಂತ ನಮಸ್ಕಾರಗಳು. ಹುಟ್ಟಿಸಿದವನೇ ಹೀಗೆ ಊರಿಗೆಲ್ಲ ಕೇಳುವಂತೆ ದೂರುವುದು ಶೋಭೆಯಲ್ಲವೆಂದು ಬಲ್ಲೆ. ಆದರೆ ಖಾಸಗಿಯಾಗಿ ಬರೆದರೆ ತಾವು ಮೊದಲು ರಸೀದಿ ಕೇಳುತ್ತೀರಿ.

ಓದುಗರಿಗೆ ತಮ್ಮ ಪರಿಚಯ ಮಾಡಿಕೊಡುವುದು ನನ್ನ ಧರ್ಮ. ಕೊಂಡ ರಸೀದಿಯಿಲ್ಲದೆ ನಕಲು ಮಾಡಿಕೊಂಡವನನ್ನು ತಾವು ಬಾಗಿಲಲ್ಲೇ ತಡೆಯುವುದಿಲ್ಲ. ಒಳಗೆ ಬಿಟ್ಟುಕೊಂಡು, ಹತ್ತು ಟ್ರಿಪ್ ನೆಮ್ಮದಿಯಾಗಿ ಓಡಿಸಲು ಬಿಟ್ಟು, ಹನ್ನೊಂದನೆಯದರಿಂದ ಬ್ರೇಕನ್ನು ಅವನಿಗೆ ಗೊತ್ತಾಗದಷ್ಟು ಸ್ವಲ್ಪಸ್ವಲ್ಪವೇ ಸಡಿಲಿಸುತ್ತೀರಿ. ಈ ಉಪಾಯ ಹೊಳೆದ ದಿನ ನಾನು ಮೀಟಿಂಗಿನಲ್ಲಿ ಎದ್ದು ನಿಂತು, "ಕಳ್ಳನಿಗೆ ತನ್ನ ಕಾಲಿನ ಮೇಲೇ ಅನುಮಾನ ಬರ್ಬೇಕು, ಹಾಗೆ ಮಾಡಿದೀನಿ" ಎಂದಿದ್ದೆ. ಚಪ್ಪಾಳೆ ಬಿದ್ದಿತ್ತು. ಆಟದ ಬಸ್ಸಿನ ಹಾರನ್ನನ್ನೂ ವೈಪರನ್ನೂ ಬೇರೆಬೇರೆಯಾಗಿ ದುಡ್ಡಿಗೆ ಮಾರುವ ನಮ್ಮ ಮಾರಾಟದ ಮುಖ್ಯಸ್ಥರಂತೂ ಬೆನ್ನು ತಟ್ಟಿದ್ದರು.

ತಮ್ಮ ಸಾಧನೆ ಸಾಮಾನ್ಯವಲ್ಲ. ಆಟ ಬಿಡುಗಡೆಯಾದ ಮರುದಿನವೇ ನಿಜವಾದ ಕಳ್ಳರು ತಮ್ಮನ್ನು ಕಳಚಿ ಪಕ್ಕಕ್ಕಿಟ್ಟು, ಹಾರನ್-ವೈಪರುಗಳ ಸಮೇತ ಆಟವನ್ನು ಪುಕ್ಕಟೆ ಹಂಚಿದರು; ಅವರ ಬಸ್ಸುಗಳು ಇಂದಿಗೂ ಹಾಕಿದ ಗೆರೆಯ ಮೇಲೇ ನಿಲ್ಲುತ್ತವೆ. ನನಗೆ ತಿಳಿದ ಮಟ್ಟಿಗೆ ತಮ್ಮ ಕೈಗೆ ಸಿಕ್ಕಿಬಿದ್ದವರು ಒಬ್ಬರೇ, ನಮ್ಮಪ್ಪ.

ಅಪ್ಪ ಮೂವತ್ತೊಂದು ವರ್ಷ ಬಸ್ ಓಡಿಸಿ, ಒಂದು ಕನ್ನಡಿಯನ್ನೂ ಒಡೆಯದೆ ನಿವೃತ್ತರಾದವರು. ಮಂಡಿಯ ಆಪರೇಷನ್ ಆಗಿ ಮನೆಯಲ್ಲಿ ಕೂತವರಿಗೆ ಕಾಲಾಡಿಸಿದಂತಾಗಲೆಂದು ಸ್ಟಿಯರಿಂಗು, ಪೆಡಲು ತಂದು ಕಂಪ್ಯೂಟರಿಗೆ ಜೋಡಿಸಿಕೊಟ್ಟೆ. ಆಟವನ್ನು ಮಾತ್ರ ಕೊಳ್ಳಲಿಲ್ಲ. ಮಾಡಿದವನೇ ಮಗನಾಗಿರುವಾಗ ಕೊಳ್ಳುವುದೇನು ಬಂತು ಎಂಬ ಗತ್ತಿನಲ್ಲಿ ಆಫೀಸಿನಿಂದ ಪೆನ್‌ಡ್ರೈವಿಗೆ ಹಾಕಿಕೊಂಡು ಬಂದೆ. ತಾವು ಅದರೊಳಗೆ ಕೂತಿದ್ದೀರೆಂಬುದು, ತಮ್ಮನ್ನು ಅಲ್ಲಿ ಕೂರಿಸಿದ ಈ ಮಹಾಬುದ್ಧಿವಂತನಿಗೇ ನೆನಪಾಗಲಿಲ್ಲ.

ಮೊದಲ ಹತ್ತು ಟ್ರಿಪ್ ಅಪ್ಪನ ಉತ್ಸಾಹ ನೋಡಬೇಕಿತ್ತು. "ಹಾರನ್ ಇಲ್ದಿರೋ ಬಸ್ಸನ್ನ ಯಾವ ಡಿಪೋದವ್ರು ಹೊರಗೆ ಬಿಡ್ತಾರೋ?" ಎಂದು ನನ್ನನ್ನು ಛೇಡಿಸುತ್ತಿದ್ದರು. ಆಮೇಲೆ ಬಸ್ಸು ನಿಲ್ದಾಣ ದಾಟಿ ನಿಲ್ಲತೊಡಗಿತು. ಅವರು ಆಟವನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ; ಕುರ್ಚಿಯನ್ನು ಹಿಂದೆಮುಂದೆ ಸರಿಸಿದರು, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒತ್ತಿ ನೋಡಿದರು, ವಾರ ಕಳೆದ ಮೇಲೆ ಪೆಡಲನ್ನು ಮಂಚದ ಕೆಳಗೆ ತಳ್ಳಿ, "ಕಾಲು ಹೋಯ್ತು ಕಣೋ" ಎಂದರು. ಇನ್ನು ಓಡಿಸಲಾರೆನೆಂದು ಅಪ್ಪ ಸ್ಕೂಟರ್ ಮಾರಿಕೊಡಲು ಪಕ್ಕದ ಮನೆಯ ಮೆಕ್ಯಾನಿಕ್ಕಿಗೆ ಹೇಳಿದ್ದಾರೆಂದು ಅಮ್ಮ ಅಡುಗೆಮನೆಯಲ್ಲಿ ಪಿಸುಗುಟ್ಟಿದಾಗಲೇ ಇದು ತಮ್ಮ ಕೆಲಸವೆಂದು ನನ್ನ ತಲೆಗೆ ಹೊಳೆದದ್ದು. ನಾಚಿಕೆಯಿಂದ ಕುಗ್ಗಿಹೋದೆ. ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಆದ್ದರಿಂದ ತಾವು ಖುದ್ದಾಗಿ ಪರದೆಯಿಂದಿಳಿದು, ನಮ್ಮ ನಡುಮನೆಗೆ ದಯಮಾಡಿಸಿ, ತಪ್ಪು ಕಾಲಿನದಲ್ಲ, ಮಗನದು ಎಂದು ಅಪ್ಪನಲ್ಲಿ ನಿವೇದಿಸಿಕೊಳ್ಳಬೇಕಾಗಿ ವಿನಂತಿ. ಬರುವಾಗ ಮಾರಾಟದ ಮುಖ್ಯಸ್ಥರಿಂದ ಒಂದು ಹಾರನ್ ಕೇಳಿ ತಂದರೆ ಇನ್ನೂ ಸಂತೋಷ.

ತಮ್ಮ ವಿಶ್ವಾಸಿ,
ರಸೀದಿಯಿಲ್ಲದ ಜನ್ಮದಾತ

ತಾ.ಕ.: ತಾವು ಬರುವ ಸೂಚನೆ ಕಾಣದ್ದರಿಂದ ಈ ಪತ್ರವನ್ನೇ ಅಪ್ಪನ ಕೈಗಿತ್ತೆ. ಪೂರ್ತಿ ಓದಿ, ಕನ್ನಡಕ ತೆಗೆದು, "ಬ್ರೇಕ್ ಇಲ್ಲ ಅಂತ ಮೊದ್ಲೇ ಹೇಳ್ಬಾರ್ದಿತ್ತಾ? ಗೇರಲ್ಲೇ ನಿಲ್ಲಿಸ್ತಿದ್ದೆ" ಎಂದರು. ಅಸಲಿ ಆಟ ಕೊಂಡು ತರುತ್ತೇನೆಂದರೂ ಕೇಳದೆ, ಪೆಡಲನ್ನು ಮಂಚದ ಕೆಳಗಿನಿಂದ ಎಳೆದುಕೊಂಡು, ಆ ಬ್ರೇಕಿಲ್ಲದ ಬಸ್ಸನ್ನೇ ಗೇರು ಇಳಿಸಿ ಇಳಿಸಿ ಎಲ್ಲ ನಿಲ್ದಾಣಗಳಲ್ಲೂ ನಿಲ್ಲಿಸಿ ತೋರಿಸಿದರು. ತಮಗೆ ಸಿಕ್ಕಿದ್ದ ಏಕೈಕ ಕಳ್ಳರೂ ತಪ್ಪಿಸಿಕೊಂಡಂತಾಯಿತು. ಸ್ಕೂಟರನ್ನು ಮಾರುವುದಿಲ್ಲವಂತೆ. ನಿನ್ನೆ ಅದನ್ನು ಹೊರತೆಗೆದು ನನ್ನನ್ನು ಹಿಂದೆ ಕೂರಿಸಿಕೊಂಡರು. ಕೂರಿಸಿಕೊಳ್ಳುವ ಮುಂಚೆ, ಅದರ ಬ್ರೇಕಿಗೆ ನಾನು ಕೈ ಹಾಕಿಲ್ಲವೆಂದು ನನ್ನ ಬಾಯಿಂದ ಎರಡು ಸಲ ಹೇಳಿಸಿದರು.